ತವರಿನ ರಕ್ತ ಅಂದರೆ ಯಾರ ರಕ್ತ?

ಕಾರಟಗಿಯಿಂದ ಬಂದ ನಿಮ್ಮ ಪತ್ರ ಮೂರು ದಿನದಿಂದ ಮೇಜಿನ ಮೇಲೇ ಇದೆ. ಎರಡು ವರ್ಷದ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸಲ್ಲ. ಪಕ್ಕದ ರೈಸ್ ಮಿಲ್ ಸದ್ದಿಗೂ ಏಳದಿದ್ದಾಗ ‘ಎಂಥ ಶಾಣ್ಯಾ ಕೂಸು’ ಅಂತ ಹೊಗಳಿದವರೇ ಈಗ ಬಾಯಿ ತಿರುಗಿಸಿದ್ದಾರೆ. ನಿನ್ನ ತವರಿನ ರಕ್ತವೇ ಕೆಟ್ಟದ್ದು, ಮಗನಿಗೆ ಇನ್ನೊಂದು ಮದುವೆ ಮಾಡ್ತೀನಿ ಅಂತಾರೆ ಅತ್ತೆ. ಇನ್ನೊಂದು ಮಗು ಆದರೆ ಸಂಸಾರ ಉಳಿಯುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ಕೊನೆಯಲ್ಲಿ, ಜಾಗ ಉಳಿದಿದೆ ಅಂತ ಬರೆದ ಹಾಗೆ ಒಂದು ಸಾಲು: ‘ಅವರು ನಮ್ಮವ್ವನ ತಮ್ಮ.’

ಅಂದರೆ ಗಂಡ ನಿಮ್ಮ ಸ್ವಂತ ಸೋದರಮಾವ, ಅತ್ತೆ ನಿಮ್ಮ ಸ್ವಂತ ಅಜ್ಜಿ! ಆಕೆ ಬೈಯುತ್ತಿರೋದು ತಾನೇ ಹೆತ್ತ ಮಗಳ ರಕ್ತವನ್ನು.

ಹೆತ್ತವರ ಗುಣ ಮಕ್ಕಳಿಗೆ ತರುವ ಜೀನ್‌ಗಳು ಜೋಡಿಯಾಗಿ ಬರುತ್ತವೆ, ಒಂದು ಅವ್ವನಿಂದ, ಒಂದು ಅಪ್ಪನಿಂದ. ಪ್ರಬಲ ಗುಣ ಒಬ್ಬರಿಂದ ಬಂದರೂ ಕಾಣುತ್ತದೆ. ಅಪ್ರಬಲ ಗುಣ ಇಬ್ಬರಿಂದಲೂ ಬಂದರೇ ಕಾಣೋದು. ವಂಶದಿಂದ ಬರುವ ಹುಟ್ಟುಕಿವುಡು ಜಾಸ್ತಿ ಇಂಥದ್ದೇ. ಒಂದೇ ಕೆಟ್ಟ ಜೀನ್ ಇದ್ದವರಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಸಾಯೋತನಕ ಗೊತ್ತೇ ಆಗಲ್ಲ. ಅಜ್ಜಿಯಲ್ಲೋ ಅಜ್ಜನಲ್ಲೋ ಇದ್ದದ್ದು ಮಗನಿಗೂ ಹೋಗಿ, ಮಗಳ ಮೂಲಕ ನಿಮಗೂ ಬಂದು, ಕೂಸಿನಲ್ಲಿ ಕೂಡಿರಬಹುದು. ಹಾಗಿದ್ದರೆ ಪ್ರತಿ ಬಸಿರಿಗೂ 4ರಲ್ಲಿ 1 ಪಾಲು ಇದೇ ಭಯ. ಒಂದಕ್ಕೆ ಆಯಿತು, ಇನ್ನು ಮೂರು ಸಲೀಸು ಅನ್ನೋ ಲೆಕ್ಕ ಇಲ್ಲ. ಬಸಿರಲ್ಲಿ ಬಂದ ರುಬೆಲ್ಲಾ ಸೋಂಕಿನಿಂದಲೂ ಹೀಗಾಗುತ್ತದೆ. ಪರೀಕ್ಷೆ ಮಾಡಿಸದೆ ರಕ್ತಕ್ಕೆ ಬೈಯೋದು ಸುಮ್ನೆ ಬಾಯಿಚಪಲ.

ಎರಡನೇ ಮದುವೆಗೆ ನೋಡಿಟ್ಟ ಹುಡುಗಿ ಯಾರು? ಅಜ್ಜಿಯ ಇನ್ನೊಬ್ಬ ಮಗಳ ಮಗಳು. ಮತ್ತೆ ಅದೇ ಬಾವಿಯ ನೀರು! ನೀವಿರುವಾಗ ಆ ಮದುವೆ 1955ರ ಹಿಂದೂ ವಿವಾಹ ಕಾಯ್ದೆಯ ಮುಂದೆ ನಿಲ್ಲೋದೂ ಇಲ್ಲ.

ಅಜ್ಜಿ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೊಲ ಹೊರಗೆ ಹೋಗಬಾರದು ಅಂತ ಒಳಗೊಳಗೇ ಕೊಟ್ಟು ತಂದ ಕಾಲದವರು. ನನ್ನ ಸಿಟ್ಟು ನಿಮ್ಮವ್ವನ ಮೇಲೆ. ತನ್ನ ತಾಯಿ ತನ್ನ ಮಗಳನ್ನು ಹಂಗಿಸುವಾಗ ಬಾಯಿಗೆ ಸೆರಗು ಹಿಡಿದು ಕೂತರಂತಲ್ಲ!

ಇನ್ನೊಂದು ಮಗುವಿನ ಮಾತು ಆಮೇಲೆ. ಸೋಮವಾರ ಬಳ್ಳಾರಿ ದೊಡ್ಡಾಸ್ಪತ್ರೆಗೆ ಹೋಗಿ. ನಾನು ಯಾವಾಗಲೂ ಹೇಳೋದೇ: ಹೆಂಗಸು ಒಬ್ಬಳೇ ಆಸ್ಪತ್ರೆಗೆ ಹೋದರೆ ತಪ್ಪನ್ನೂ ಒಬ್ಬಳೇ ಹೊತ್ತು ಬರುತ್ತಾಳೆ. ಗಂಡ ಬರಲಿ, ಅಜ್ಜಿಯೂ ಬರಲಿ. ಕೂಸಿನ ಕಿವಿ ಮೆಷಿನ್‌ಗೆ ತಡ ಮಾಡಬೇಡಿ, ಮಾತು ಕಲಿಯೋ ವಯಸ್ಸು ಇದೇ. ಜೀನ್ ಪರೀಕ್ಷೆ ಎಲ್ಲಿ ಅಂತಲೂ ವಿಚಾರಿಸಿ. ಆಗ ಡಾಕ್ಟರು ವಂಶದ ನಕ್ಷೆ ಬರೆಯುತ್ತಾರೆ: ಗಂಡಸಿಗೆ ಚೌಕ, ಹೆಂಗಸಿಗೆ ದುಂಡು, ಸಂಬಂಧದೊಳಗಿನ ಮದುವೆಗೆ ಜೋಡಿಗೆರೆ. ಆ ಗೆರೆಗಳು ಮೇಲೆ ಹೋಗಿ ಎಲ್ಲಿ ಸೇರುತ್ತವೆ ಅಂತ ಅಜ್ಜಿಗೆ ಬೆರಳಿಟ್ಟು ತೋರಿಸೋಕೆ ಹೇಳಿ.