ಮಳೆ ಎಲ್ಲಿ ಹೋಯಿತು?

ಪ್ರಿಯರೇ,

ಸಿಸ್ಟರ್ ರೊಸೆಟ್ಟಾ ಥಾರ್ಪ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ. ಅಮೆರಿಕದ ಈ ಗಾಯಕಿ, ಗಿಟಾರ್ ವಾದಕಿಯ ಮೇಲೆ ಕನ್ನಡದಲ್ಲಿ ಬರೆದ ಲೇಖನ ನನ್ನ ಮೇಜಿಗೆ ಬಂದದ್ದು ಇದೇ ಮೊದಲು. ಎರಡನೇ ಸಲ ಕೆಂಪು ಪೆನ್ನು ಹಿಡಿದು ಓದಿದೆ.

ಶ್ರಮ ಪಟ್ಟಿದ್ದೀರಿ, ಇಸವಿಗಳೆಲ್ಲ ಸರಿ ಇವೆ. 1915ರಲ್ಲಿ ಅರ್ಕಾನ್ಸಾದ ಕಾಟನ್ ಪ್ಲಾಂಟ್ ಊರಲ್ಲಿ ಹುಟ್ಟಿದ್ದು, 1938ರಲ್ಲಿ ಡೆಕ್ಕಾ ಕಂಪನಿಗೆ ಮೊದಲ ರೆಕಾರ್ಡ್ ಕೊಟ್ಟಿದ್ದು, 1951ರಲ್ಲಿ ವಾಷಿಂಗ್ಟನ್ನಿನ ಗ್ರಿಫಿತ್ ಸ್ಟೇಡಿಯಂನಲ್ಲಿ ಟಿಕೆಟ್ ಕೊಂಡು ಬಂದ ಸುಮಾರು 25,000 ಜನರ ಮುಂದೆ ಮದುವೆಯಾಗಿದ್ದು, 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡಿದ್ದು. ಎಲ್ಲ ಇದೆ. ಕಾಗುಣಿತವೂ ಚೆನ್ನಾಗಿದೆ. ಹೊಗಳಿಕೆ ಇಷ್ಟೇ.

ನಿಮ್ಮ ಮೊದಲ ವಾಕ್ಯ: "ಎಲ್ವಿಸ್ ಪ್ರೀಸ್ಲಿ, ಚಕ್ ಬೆರಿ, ಜಾನಿ ಕ್ಯಾಶ್, ಲಿಟಲ್ ರಿಚರ್ಡ್‌ರಂಥ ದಿಗ್ಗಜರಿಗೆ ಸ್ಫೂರ್ತಿಯಾದ ಮಹಾನ್ ಚೇತನ ಇವರು."

ಅಮೆರಿಕದ ಹೆಸರಾಂತ ಹಾಡುಗಾರರು, ನಾಲ್ಕು ಗಂಡಸರು ಬಂದು ಕುರ್ಚಿ ಹಿಡಿದು ಕೂತಾಯಿತು. ಯಾರ ಮನೆಗೆ ಬಂದಿದ್ದಾರೋ ಆ ಹೆಂಗಸಿನ ಹೆಸರು ಬರುವುದು ಮೂರನೇ ವಾಕ್ಯದಲ್ಲಿ. ಹೋಗಲಿ, ಈ ನಾಲ್ವರಲ್ಲಿ ಒಬ್ಬರದಾದರೂ ಕಥೆ ಹೇಳಿದ್ದೀರಾ? ಲಿಟಲ್ ರಿಚರ್ಡ್‌ನದು ನಿಮ್ಮ ಕೈಯಲ್ಲೇ ಇತ್ತು. 1947ರ ಅಕ್ಟೋಬರ್. ಜಾರ್ಜಿಯಾದ ಮೇಕನ್ ಊರಿನ ಸಭಾಂಗಣದಲ್ಲಿ ಕೋಕಾಕೋಲಾ ಮಾರುವ 14 ವರ್ಷದ ಹುಡುಗ. ಕಾರ್ಯಕ್ರಮ ಶುರುವಾಗುವ ಮುಂಚೆ ಅವನು ರೊಸೆಟ್ಟಾ ಹಾಡುಗಳನ್ನು ಹಾಡುತ್ತಿದ್ದದ್ದು ಅವರ ಕಿವಿಗೇ ಬಿತ್ತು. ಇವತ್ತು ನನಗಿಂತ ಮೊದಲು ನೀನೇ ಹಾಡು ಅಂತ ವೇದಿಕೆಗೆ ಕರೆದರು. ಮುಗಿದ ಮೇಲೆ ದುಡ್ಡನ್ನೂ ಕೊಟ್ಟರು. ಈ ಸೋಡಾ ಮಾರುವ ಹುಡುಗನನ್ನು ಬಿಟ್ಟು ನೀವು "ದಿಗ್ಗಜ"ನನ್ನು ಕರೆತಂದಿದ್ದೀರಿ.

ಆರನೇ ವಾಕ್ಯ: "ಗಂಡಸರನ್ನೂ ನಾಚಿಸುವಂತೆ ಗಿಟಾರ್ ನುಡಿಸುತ್ತಿದ್ದರು."

ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಗಂಡಸಿನ ಹಾಗೆ ನುಡಿಸುತ್ತಾರೆ ಅನ್ನುವುದನ್ನು ಅವರ ಕಾಲದಲ್ಲೇ ಜನ ಹೊಗಳಿಕೆ ಅಂದುಕೊಂಡು ಹೇಳುತ್ತಿದ್ದರು. ಎಪ್ಪತ್ತು ಎಂಬತ್ತು ವರ್ಷ ಕಳೆದ ಮೇಲೂ ನಾವು ಅದೇ ಕೋಲು ಹಿಡಿದು ಅಳೆಯಬೇಕಾ? ಆದರೆ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ನಾನೂ ಹೀಗೆ ಬರೆದವನೇ. ವಾರಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದ್ದೆ. ಒಬ್ಬ ಹಿರಿಯ ವಿದುಷಿಯ ಪಿಟೀಲು ಕಛೇರಿಗೆ ಹೋಗಿ ಬಂದು "ಗಂಡಸರಿಗೆ ಯಾವುದರಲ್ಲೂ ಕಡಿಮೆಯಿಲ್ಲದಂತೆ ನುಡಿಸಿದರು" ಅಂತ ಬರೆದೆ. ಅಚ್ಚಾಯಿತು. ವಾರ ಕಳೆದ ಮೇಲೆ ಒಂದು ಪೋಸ್ಟ್ ಕಾರ್ಡ್ ಬಂತು. "ಅವತ್ತು ವೇದಿಕೆಯಲ್ಲಿ ಇದ್ದ ಗಂಡಸರು ಇಬ್ಬರು. ಮೃದಂಗದವರು, ತಂಬೂರಿಯವರು. ಇಬ್ಬರೂ ಪಿಟೀಲು ಮುಟ್ಟಲಿಲ್ಲ. ತಾವು ಯಾವ ಗಂಡಸರನ್ನು ಹೇಳಿದ್ದು?" ಕೆಳಗೆ ಸಹಿ. ನಾನು ಉತ್ತರ ಬರೆಯಲಿಲ್ಲ. ಏನಂತ ಬರೆಯಲಿ?

ಇನ್ನು ಎಂಟನೇ ವಾಕ್ಯ: "ಅವರ ಮಾಂತ್ರಿಕ ಬೆರಳುಗಳಿಂದ ಹೊಮ್ಮಿದ ನಾದಲಹರಿ ಕೇಳುಗರನ್ನು ಬೇರೊಂದು ಲೋಕಕ್ಕೆ ಕೊಂಡೊಯ್ಯುತ್ತಿತ್ತು."

ಯಾವ ಲೋಕಕ್ಕೆ? ಹೇಗೆ? ಈ ವಾಕ್ಯವನ್ನು ಕತ್ತರಿಸಿ ಒಬ್ಬ ವೈಣಿಕರ ಲೇಖನಕ್ಕೆ ಅಂಟಿಸಿ. ಕೂರುತ್ತದೆ. ತಬಲಾದವರಿಗೆ ಅಂಟಿಸಿ. ಅಲ್ಲೂ ಕೂರುತ್ತದೆ. ಹೀಗೆ ಎಲ್ಲರಿಗೂ ಹೊಂದುವ ಅಂಗಿಯನ್ನು ರೊಸೆಟ್ಟಾಗೆ ಯಾಕೆ ಹಾಕುತ್ತೀರಿ? ನಿಮ್ಮ ಆರು ಪುಟದಲ್ಲಿ "ಗಿಟಾರ್" ಅನ್ನುವ ಪದ ಮೂವತ್ತೊಂದು ಸಲ ಬಂದಿದೆ, ಎಣಿಸಿದ್ದೇನೆ. ನನಗೆ ಒಂದು ಸಲವೂ ಗಿಟಾರ್ ಕೇಳಿಸಲಿಲ್ಲ.

ಕೇಳಿಸುವ ಹಾಗೆ ಬರೆಯುವುದು ಅಂದರೆ ಏನು? ಅವರು ಗಿಟಾರನ್ನು ಓಪನ್ ಟ್ಯೂನಿಂಗ್‌ನಲ್ಲಿ ಇಟ್ಟುಕೊಳ್ಳುತ್ತಿದ್ದರು. ಆರೂ ತಂತಿಗಳನ್ನು ಮೊದಲೇ ಒಂದು ಕಾರ್ಡ್‌ಗೆ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ, ಶ್ರುತಿ ಮಾಡಿಡುವುದು. ಎಡಗೈ ಮುಟ್ಟದೆ ಸುಮ್ನೆ ಮೀಟಿದರೂ ತುಂಬಿದ ಸದ್ದು ಬರುತ್ತದೆ. ಬೆರಳಿಗೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಅವರು ಒಂದೊಂದೇ ಸ್ವರ ಕಿತ್ತು ಓಡುತ್ತಿದ್ದರು, ತಂತಿಯನ್ನು ಎಳೆದು ಬಗ್ಗಿಸುತ್ತಿದ್ದರು. ಹಾಡಿನ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಗಿಟಾರ್ ಉತ್ತರ ಕೊಟ್ಟಿರುತ್ತಿತ್ತು. ಈ ಚಾಳಿ ಎಲ್ಲಿಂದ ಬಂತು? ಚರ್ಚಿನಿಂದ. ತಾಯಿ ಕೇಟಿ ಬೆಲ್ ನ್ಯೂಬಿನ್ 'ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್' ಪಂಗಡದ ಪ್ರಚಾರಕಿ, ಮ್ಯಾಂಡೋಲಿನ್ ನುಡಿಸುತ್ತಿದ್ದವರು. ಆ ಪಂಗಡದಲ್ಲಿ ಚಪ್ಪಾಳೆ, ಡ್ರಮ್, ತಂತಿವಾದ್ಯ, ಕುಣಿತ ಎಲ್ಲವೂ ಪ್ರಾರ್ಥನೆಯ ಭಾಗವೇ. ಬೋಧಕರು ಒಂದು ಮಾತು ಹೇಳುತ್ತಾರೆ, ಸಭೆ ಕೂಗಿ ಉತ್ತರ ಕೊಡುತ್ತದೆ. ರೊಸೆಟ್ಟಾ ಕೈಯಲ್ಲಿ ಆ ಸಭೆಯ ಕೆಲಸವನ್ನು ಗಿಟಾರ್ ಮಾಡುತ್ತಿತ್ತು. ಇಷ್ಟು ಹೇಳಿದ್ದರೆ ಸಾಕಿತ್ತು, ಮಂತ್ರ ತಂತ್ರ ಏನೂ ಬೇಕಿರಲಿಲ್ಲ.

ಮತ್ತೆ ನನ್ನ ಕಥೆಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅದೇ ವಾರಪತ್ರಿಕೆಯಲ್ಲಿ ಒಬ್ಬರು ಹಿರಿಯ ಉಪಸಂಪಾದಕರಿದ್ದರು. ಮೂಗಿನ ತುದಿಯಲ್ಲಿ ಕನ್ನಡಕ, ಮಾತು ಕಡಿಮೆ. ಒಂದು ವೀಣೆ ಕಛೇರಿಯ ವರದಿ ತಂದುಕೊಟ್ಟೆ. ಅದರಲ್ಲಿ "ನಾದ" ಅನ್ನುವ ಪದ ಎಷ್ಟು ಕಡೆ ಇತ್ತೋ ಅಷ್ಟು ಕಡೆ ಸುತ್ತು ಹಾಕಿದರು. ಹನ್ನೊಂದು ಸುತ್ತು. "ಇಷ್ಟೇ ಬರೆಯೋದಾದ್ರೆ ಕಛೇರಿಗೆ ಯಾಕೆ ಹೋದೆ? ಮನೆಯಲ್ಲೇ ಕೂತು ಬರೀಬಹುದಿತ್ತಲ್ಲ" ಅಂದರು. ಆಮೇಲೆ, "ನಡುವೆ ತಂತಿ ಹರಿಯಿತಂತೆ?" ಅಂತ ಕೇಳಿದರು. ಹೌದು, ಹರಿದಿತ್ತು. ವಿದ್ವಾಂಸರು ಎಲ್ಲರ ಎದುರಿಗೇ ಹೊಸ ತಂತಿ ಕಟ್ಟಿ, ಬಿರಡೆ ತಿರುಗಿಸಿ, ಶ್ರುತಿ ಸೇರಿಸಿ, ಬಿಟ್ಟ ಸಾಲಿನಿಂದಲೇ ಮುಂದುವರಿಸಿದ್ದರು. ಅಷ್ಟು ಹೊತ್ತೂ ಮೃದಂಗದವರು ತಾಳ ಬಿಡದೆ ಕಾದಿದ್ದರು. "ಅದು ಬರೆದರೆ ಮರ್ಯಾದೆಯಲ್ಲ ಅಂತ ಬಿಟ್ಟೆ ಸಾರ್" ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಕೊನೆಗೆ ಅಚ್ಚಾಗಿದ್ದು ಎಂಟು ಸಾಲು. ಅದರಲ್ಲಿ ಆರು ಸಾಲು ತಂತಿಯದೇ.

ಈಗ ನಿಮ್ಮ ನಾಲ್ಕನೇ ಪುಟಕ್ಕೆ ಬನ್ನಿ: "1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸ್ಮರಣೀಯ ಕಾರ್ಯಕ್ರಮ ನೀಡಿದರು."

ಮುಗಿಯಿತು! ಒಂದೇ ವಾಕ್ಯ! ಅಲ್ರೀ, ಅದು ಸಭಾಂಗಣ ಕೂಡ ಅಲ್ಲ. ವಿಲ್‌ಬ್ರಹಾಂ ರೋಡ್ ಅನ್ನುವ ಮುಚ್ಚಿಹೋದ ರೈಲ್ವೆ ಸ್ಟೇಷನ್. ಗ್ರನಡಾ ಟಿವಿಯವರು ಅದನ್ನು ಅಮೆರಿಕದ ದಕ್ಷಿಣದ ಯಾವುದೋ ಹಳೇ ಸ್ಟೇಷನ್ನಿನ ಹಾಗೆ ಸಿಂಗರಿಸಿದ್ದರು. ಮೇಕೆ, ಕೋಳಿ ಕೂಡ ತಂದು ಬಿಟ್ಟಿದ್ದರು. ಕರಿಯರ ಬಡತನವನ್ನು ಹೀಗೆ ರಂಗಸಜ್ಜಿಕೆ ಮಾಡಿದ್ದು ನನಗೆ ಅಷ್ಟು ಸರಿ ಕಾಣುವುದಿಲ್ಲ, ಆ ಮಾತು ಬೇರೆ. ಕೇಳಲು ಬಂದವರು ಈ ಕಡೆಯ ಪ್ಲಾಟ್‌ಫಾರಂನಲ್ಲಿ, ಹಾಡುವವರು ಆ ಕಡೆ. ನಡುವೆ ಹಳಿ. ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಕೂಡ ಅವತ್ತು ಹಾಡಿದವರಲ್ಲಿ ಒಬ್ಬರು. ಮೇ ತಿಂಗಳು, ಆದರೂ ಮಳೆ ಹಿಡಿದುಕೊಂಡಿತು. 49 ವರ್ಷದ ರೊಸೆಟ್ಟಾ ಕುದುರೆ ಗಾಡಿಯಲ್ಲಿ ಬಂದು ಇಳಿದರು. ಮೈಮೇಲೆ ಉದ್ದನೆಯ ಕೋಟು. ಬಿಳೀ ಗಿಬ್ಸನ್ ಎಲೆಕ್ಟ್ರಿಕ್ ಗಿಟಾರನ್ನು ಕೊರಳಿಗೆ ಹಾಕಿಕೊಂಡರು. ಶುರು ಮಾಡಿದ್ದು ಯಾವ ಹಾಡು? 'ಡಿಡಂಟ್ ಇಟ್ ರೇನ್'. ಬೈಬಲ್ಲಿನ ನೋಹನ ಕಾಲದ ಆ ದೊಡ್ಡ ಮಳೆಯ ಹಾಡು!

ಆ ವಿಡಿಯೋ ನೀವು ನೋಡಿದ್ದೀರಿ ಅಂತ ಲೇಖನದ ಜೊತೆಗಿನ ಪತ್ರದಲ್ಲೇ ಬರೆದಿದ್ದೀರಿ. "ಅದನ್ನು ನೋಡಿಯೇ ಬರೆಯಬೇಕು ಅನ್ನಿಸಿತು" ಅಂದಿದ್ದೀರಿ. ಹಾಗಿದ್ದರೆ ಮಳೆ ಎಲ್ಲಿ ಹೋಯಿತು? ನಿಮ್ಮನ್ನು ಬರೆಯಲು ಕೂರಿಸಿದ್ದೇ ಆ ಮಳೆ. ಬರೆಯುವಾಗ ಅದನ್ನೇ ಒರೆಸಿ ಹಾಕಿದ್ದೀರಿ. ನಾನು ತಂತಿ ಬಿಟ್ಟ ಹಾಗೆ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ನ್ಯೂಯಾರ್ಕಿನ ಕಾಟನ್ ಕ್ಲಬ್ ಅನ್ನುವ ನೈಟ್ ಕ್ಲಬ್ಬಿನ ಭಾಗ, ಚರ್ಚಿನವರು ಮುನಿಸಿಕೊಂಡ ಭಾಗ, ಸಮಾಧಿಗೆ ಎಷ್ಟೋ ವರ್ಷ ಕಲ್ಲೇ ಇರಲಿಲ್ಲ ಅನ್ನುವ ಭಾಗ, ಎಲ್ಲ ಹಾಗೇ ಇರಲಿ, ಆಮೇಲೆ ನೋಡೋಣ. ಈಗ ಒಂದೇ ಕೆಲಸ. ವಿಡಿಯೋ ಹಾಕಿ, ಕಣ್ಣು ಮುಚ್ಚಿಕೊಂಡು ಒಂದು ಸಲ ಕೇಳಿ. ಕಣ್ಣು ಬಿಟ್ಟು ಇನ್ನೊಂದು ಸಲ ನೋಡಿ. ನಡುವೆ ಬರುವ ಗಿಟಾರ್ ಸೋಲೋದಲ್ಲಿ ಅವರ ಎರಡು ಕೈ ಏನು ಮಾಡುತ್ತವೆ ಅಂತ ಮಾತ್ರ ಬರೆದು ಕಳಿಸಿ. ಮುನ್ನೂರು ಪದ ಸಾಕು. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಬಂದರೆ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಹೇಳಲು ಮರೆತಿದ್ದೆ. ಎರಡನೇ ಪುಟದ ಕೊನೆಯಲ್ಲಿ "ಅಮ್ಮನ ಮ್ಯಾಂಡೋಲಿನ್ ಪಕ್ಕದಲ್ಲಿ ಮಗಳ ಗಿಟಾರ್ ಅವಳಿಗಿಂತ ದೊಡ್ಡದಾಗಿತ್ತು" ಅಂತ ಒಂದು ಸಾಲು ಬರೆದಿದ್ದೀರಿ. ಅದನ್ನು ಮುಟ್ಟಬೇಡಿ.

ಇಂತಿ,
ಸಂಪಾದಕ