ಕಪ್ ಗೆದ್ದ ಮೇಲೂ ಖಾಲಿ ಖಾಲಿ: ಕಾರವಾರದ ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ರ ಆಪ್ತಸಲಹೆಗೆ ಬಂದ ಒಬ್ಬರ ಕಥೆ ಇದು, ಅವರ ಒಪ್ಪಿಗೆ ತಗೊಂಡೇ ಬರೀತಿದ್ದೇನೆ, ಗುರುತು ಸಿಗೋ ಅಂಥ ವಿವರ ಎಲ್ಲ ಬದಲಿಸಿದ್ದೇನೆ. ನಲವತ್ತು ದಾಟಿದ ಗಂಡಸು, ಕಾರವಾರದಲ್ಲಿ ಆಫೀಸ್ ಕೆಲಸ, ಕೋಡಿಬಾಗ ಕಡೆ ಬಾಡಿಗೆ ಮನೆ, ಹೆಂಡ್ತಿ, ಪಿಯುಸಿ ಓದೋ ಮಗಳು. ಮೂಲ ಅಂಕೋಲಾ ಹತ್ರದ ಹಳ್ಳಿ, ಅಲ್ಲಿ ತಾಯಿ ಒಬ್ರೇ ಇದ್ದಾರೆ.

ಬಂದಿದ್ದು 2025ರ ಜೂನಲ್ಲಿ. ಜೂನ್ 3ಕ್ಕೆ ಆರ್‌ಸಿಬಿ ಅಹಮದಾಬಾದಲ್ಲಿ ಪಂಜಾಬ್ ಮೇಲೆ 6 ರನ್ನಿಂದ ಗೆದ್ದು ಕಪ್ ಎತ್ತಿತ್ತಲ್ಲ, ಇವರು 2008ರಿಂದ ಆ ಟೀಮಿನ ಹಿಂದೆ ಬಿದ್ದವರು, ಆ ರಾತ್ರಿ ಒಬ್ರೇ ಕೂತು ಅತ್ತಿದ್ರಂತೆ. ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತ ಆಗಿ 11 ಜನ ತೀರ್ಕೊಂಡ್ರು. ನಾನು ಮೊದಲು ಅದರ ಬಗ್ಗೆನೇ ಕೇಳ್ದೆ, ಯಾಕಂದ್ರೆ ಆ ವಾರ ಸುಮಾರು ಜನರಿಗೆ ಆ ಸುದ್ದಿ ಎದೆ ಹಿಂಡಿತ್ತು. ಅದೂ ಹೌದು ಮೇಡಂ, ಆದ್ರೆ ಅದು ಬೇರೆ ನೋವು ಅಂದ್ರು. "ಸೋತಾಗ ಬೇಜಾರಾಗೂದು ನಂಗೆ ಅರ್ಥ ಆಗ್ತದೆ. ಹದಿನೆಂಟು ವರ್ಷ ಕಾದಿದ್ದು ಸಿಕ್ಕಿದ ಮೇಲೂ ಒಳಗೆ ಎಂತದೂ ಇಲ್ಲ ಅಂತ ಅನ್ಸೂದು ಯಾಕೆ?"

ಹೆಂಡ್ತಿ ಹೇಳಿದ್ದು ಇನ್ನೊಂದು. ಐಪಿಎಲ್ ಮುಗಿದ್ರೆ ಟೆಸ್ಟ್, ಟೆಸ್ಟ್ ಮುಗಿದ್ರೆ ಪ್ರೊ ಕಬಡ್ಡಿ, ಅದಿಲ್ಲ ಅಂದ್ರೆ ಮಧ್ಯರಾತ್ರಿ ಇಂಗ್ಲೆಂಡಿನ ಫುಟ್ಬಾಲು, ಇಯರ್‌ಫೋನ್ ಹಾಕ್ಕೊಂಡು ಮೊಬೈಲಲ್ಲಿ. ಗೆದ್ದ ದಿನ ಮನೇಲಿ ಮಾತು ಇರ್ತದೆ, ಸೋತ್ರೆ ಎರಡು ದಿನ ಊಟಕ್ಕೆ ಕೂತರೂ ಬಾಯಿ ಬಿಡೂದಿಲ್ಲ. 2023ರ ನವೆಂಬರ್ 19ರ ವರ್ಲ್ಡ್ ಕಪ್ ಫೈನಲ್ ಆದ ಮೇಲೆ, ಟ್ರಾವಿಸ್ ಹೆಡ್ 137 ಹೊಡೆದ ದಿನ, ವಾರಗಟ್ಟಲೆ ಹಾಗೇ ಇದ್ರಂತೆ.

ಇಂಥ ಕೇಸ್ ಬಂದ್ರೆ ಮೊದಲು ಕೆಲವು ವಿಷಯ ನೋಡ್ಲೇಬೇಕು. ನಿದ್ದೆ, ಊಟ, ಕುಡಿತ, ಬದುಕೋದೇ ಬೇಡ ಅನ್ನೋ ಯೋಚನೆ ಬರ್ತದಾ ಅನ್ನೋದು, ಮತ್ತೆ ದುಡ್ಡು. ಬೆಟ್ಟಿಂಗ್ ಇದ್ರೆ ದಾರಿನೇ ಬೇರೆ. ಆಗಿನ್ನೂ ದುಡ್ಡು ಕಟ್ಟೋ ಫ್ಯಾಂಟಸಿ ಆ್ಯಪ್‌ಗಳು ನಡೀತಿದ್ವು (ಆ ಆಗಸ್ಟಲ್ಲಿ ಕೇಂದ್ರದ ಕಾಯ್ದೆ ಬಂದ ಮೇಲೆ ನಿಂತಿದ್ದು), ಇವರು ಸಣ್ಣ ಮೊತ್ತ ಹಾಕಿ ಬಿಟ್ಟವರು, ಸಾಲ ಇರ್ಲಿಲ್ಲ. ನಿದ್ದೆ ಮಾತ್ರ ಹಾಳಾಗಿತ್ತು. ಖಿನ್ನತೆಯ ಕಾಯಿಲೆ ಅಂತ ಹೇಳೋ ಮಟ್ಟಕ್ಕೆ ಹೋಗಿರ್ಲಿಲ್ಲ, ಆದ್ರೆ ಆ ದಾರೀಲಿ ಇದ್ರು ಅಂತ ನನ್ನ ಅಂದಾಜು.

ಇಲ್ಲೊಂದು ಮಾತು ಖಡಾಖಂಡಿತ ಹೇಳ್ಬೇಕು. ಮನೆಯವರು ಇಂಥವರಿಗೆ ಹೇಳೂದು ಒಂದೇ, ಆ ಮ್ಯಾಚ್ ಬಿಟ್ಟು ಏನಾದ್ರೂ ಉಪಯೋಗದ್ದು ಮಾಡಿ ಅಂತ. ನಾನು ಹಾಗೆ ಹೇಳೂದಿಲ್ಲ. ಆಟ ನೋಡೋ ಖುಷಿ ಸುಳ್ಳು ಖುಷಿ ಅಲ್ಲ. 1976ರಲ್ಲಿ ಚಾಲ್ಡಿನಿ ಅನ್ನೋ ಮನಃಶಾಸ್ತ್ರಜ್ಞರು ಅಮೆರಿಕದ ಯೂನಿವರ್ಸಿಟಿಗಳಲ್ಲಿ ಮಾಡಿದ ಅಧ್ಯಯನ ಪ್ರಕಟ ಆಯ್ತು, ಟೀಮ್ ಗೆದ್ದ ಮೇಲಿನ ಸೋಮವಾರ ಯೂನಿವರ್ಸಿಟಿ ಹೆಸರಿರೋ ಬಟ್ಟೆ ಹಾಕ್ಕೊಂಡು ಬರೋ ಹುಡುಗರು ಜಾಸ್ತಿ, ಸೋತ ಮೇಲೆ ಕಮ್ಮಿ. 1998ರ ಇನ್ನೊಂದು ಅಧ್ಯಯನದಲ್ಲಿ, ಬರೀ ನೋಡ್ತಾ ಕೂತ ಗಂಡಸರ ಟೆಸ್ಟೋಸ್ಟಿರಾನ್ ಕೂಡ ತಮ್ಮ ಟೀಮ್ ಗೆದ್ರೆ ಏರ್ತದೆ ಸೋತ್ರೆ ಇಳೀತದೆ ಅಂತ ಕಂಡಿತ್ತು. ಮೈಯೇ ಆಡಿದ ಹಾಗೆ ಆಗ್ತದೆ, ಆದ್ರೆ ಆಡಿದ್ದು ನಾವಲ್ಲ, ಅದ್ರಿಂದ ಆ ಖುಷಿ ಉಳಿಸ್ಕೊಳ್ಳೋಕೆ, ಮತ್ತೆ ಬರಿಸ್ಕೊಳ್ಳೋಕೆ ನಮ್ಮ ಹತ್ರ ದಾರಿ ಇಲ್ಲ. ಮುಂದಿನ ಮ್ಯಾಚಿಗೆ ಕಾಯ್ಬೇಕು ಅಷ್ಟೇ. ತಿಂಗಳಿಗೆ ನಾಲ್ಕು ಖುಷಿಯ ದಿನ ಇದ್ರೆ ನಾಲ್ಕೂ ಬೇರೆಯವರ ಬ್ಯಾಟಿಂದಲೇ ಬರಬೇಕು ಅನ್ನೋ ಸ್ಥಿತಿ ಆದಾಗ ತೊಂದರೆ ಶುರು.

ಚಿಕಾಗೋ ಯೂನಿವರ್ಸಿಟಿಯಲ್ಲಿದ್ದ ಮನಃಶಾಸ್ತ್ರಜ್ಞ ಚಿಕ್ಸೆಂಟ್‌ಮಿಹಾಯಿ ಮತ್ತು ಜೊತೆಗಾರರು ಜನರ ಕೈಲಿ ಬೀಪರ್ ಕೊಟ್ಟು, ಅದು ಕೂಗಿದಾಗ ಏನು ಮಾಡ್ತಿದ್ದೀರಿ, ಮನಸ್ಸು ಹೇಗಿದೆ ಅಂತ ಬರೆಸ್ತಿದ್ರು. ಟಿವಿ ನೋಡ್ವಾಗ ಮನಸ್ಸು ಹಗುರ, ಆಫ್ ಮಾಡಿದ ಕೂಡ್ಲೆ ಆ ಹಗುರ ಹೋಗ್ತದೆ, ಜಡ ಮಾತ್ರ ಉಳೀತದೆ. ಆಟ ಆಡಿದವರು, ಹವ್ಯಾಸ ಮಾಡಿದವರು ಮಾತ್ರ ಮುಗಿಸಿ ಎದ್ದ ಮೇಲೆ ಮನಸ್ಸು ಚೆನ್ನಾಗಾಯ್ತು ಅಂತ ಬರೆದಿದ್ರು. ಇದನ್ನ ಓದಿ ಹೇಳಿದಾಗ ಅವರು ಸುಮ್ನೆ ತಲೆ ಆಡಿಸಿದ್ರು, ಕಪ್ ಕೊಡೋ ಪ್ರೆಸೆಂಟೇಶನ್ ಮುಗಿದು ಕಾರ್ಟೂನ್ ಹಾಕಿದ ಸ್ಕ್ರೀನಿನ ಹಾಗೆ ಆಗ್ತದೆ ಮೇಡಂ ಅಂದ್ರು, ನಂಗೆ ಪೂರ್ತಿ ಅರ್ಥ ಆಗ್ಲಿಲ್ಲ, ಆದ್ರೆ ಅನುಭವಿಸಿದ್ದಾರೆ ಅಂತ ಗೊತ್ತಾಯ್ತು.

ಕೈಯಿಂದ ಮಾಡೋದು ಏನಾದ್ರೂ ಇದ್ಯಾ ಅಂತ ಕೇಳ್ದೆ. ಇಲ್ಲ. ಮಗಳ ಕೀಬೋರ್ಡ್ ಕಲೀತೇನೆ ಅಂತ ಶುರು ಮಾಡಿ ಬಿಟ್ಟಿದ್ರು, ಮ್ಯಾಚಿನಷ್ಟು ಮಜಾ ಬರೂದಿಲ್ಲ ಅಂತ. ಇದನ್ನ ಎಷ್ಟೋ ಜನ ಹೇಳ್ತಾರೆ, ಮತ್ತೆ ಇಲ್ಲಿ ಹೋಲಿಕೆನೇ ಸರಿ ಇಲ್ಲ, ಒಂದು ಕಡೆ ಹದಿನೆಂಟು ವರ್ಷದ ಕಥೆ ಗೊತ್ತಿರೋ ಆಟದ ಕೊನೇ ಓವರು, ಇನ್ನೊಂದು ಕಡೆ ಬೆರಳು ಎಲ್ಲಿಡೋದು ಅಂತಲೂ ಗೊತ್ತಿಲ್ದಿರೋ ಮೊದಲನೇ ವಾರ. ಹವ್ಯಾಸ ಶುರುವಲ್ಲಿ ಬೇಜಾರೇ ಕೊಡ್ತದೆ, ಅದನ್ನ ಮೊದಲೇ ಹೇಳಿಬಿಡೋದು ಒಳ್ಳೇದು.

ಮಾತಾಡ್ತಾ ತಾಯಿ ಮನೆಯ ಕರಿ ಈಶಾಡ ಮಾವಿನ ಮರದ ವಿಷಯ ಬಂತು. ಅಂಕೋಲಾದ ಈಶಾಡಕ್ಕೆ 2023ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು) ಸಿಕ್ತಲ್ಲ, ಅದೇ ಹಣ್ಣು, ತೆಳು ಸಿಪ್ಪೆ, ಕಿತ್ತ ಮೇಲೆ ಜಾಸ್ತಿ ದಿನ ಇಡೂಕೆ ಬರೂದಿಲ್ಲ. ಮರ ಹಳೇದು, ಗಾಳಿಗೆ ಒಂದು ಕೊಂಬೆ ಮುರಿದಿತ್ತು, ಬಿದ್ದೇ ಹೋದ್ರೆ ಎಂತ ಮಾಡೂದು ಅನ್ನೋ ಚಿಂತೆ ಅವರಿಗೆ. ಆ ಒಂದು ಗಂಟೇಲಿ ಕ್ರಿಕೆಟ್ ಬಿಟ್ಟು ಬೇರೆ ವಿಷಯಕ್ಕೆ ಅವರ ದನಿ ಏರಿದ್ದು ಅದೊಂದೇ ಸಲ. ಕಸಿ ಕಟ್ಟೂಕೆ ಕಲೀರಿ ಅಂದೆ. ಮಳೆಗಾಲ ಶುರು ಆಗಿತ್ತು, ನಮ್ಮ ಕರಾವಳೀಲಿ ಗೊರಟು ಕಸಿ, ಅಂದ್ರೆ ಗೊರಟಿಂದ ಹುಟ್ಟಿದ ಎಳೆ ಸಸಿಗೆ ಬೇಕಾದ ಮರದ ಕಡ್ಡಿ ಕಟ್ಟೂದು, ಮಾಡೂಕೆ ಅದೇ ಸಮಯ.

ಮುಂದಿನ ಸಲ ಬಂದಾಗ ಕಸಿ ಚಾಕು, ಪ್ಲಾಸ್ಟಿಕ್ ಪಟ್ಟಿ, ಮಣ್ಣು ತುಂಬಿದ ಕವರು ಎಲ್ಲ ರೆಡಿ, ಕಟ್ಟಿದ್ದು ಒಂದೂ ಇಲ್ಲ. ದಿನಾ ರಾತ್ರಿ ಕಸಿ ಕಟ್ಟೋ ವಿಡಿಯೋ ನೋಡ್ತಿದ್ರು! ಗೊರಟಿನ ಸಸಿ ಹುಟ್ಟಿ ಹತ್ತು ಹದಿನೈದು ದಿನದ ಒಳಗೆ, ಎಲೆ ಇನ್ನೂ ತಾಮ್ರದ ಬಣ್ಣ ಇರ್ವಾಗ್ಲೇ ಕಟ್ಬೇಕು, ಇವರು ನೋಡ್ತಾ ಕೂತಾಗ ಅವೆಲ್ಲ ಹಸಿರಾಗಿ ಕಾಂಡ ಗಟ್ಟಿ ಆಗಿತ್ತು. ಬೈಯೋ ವಿಷಯ ಅಲ್ಲ ಇದು, ಹದಿನೆಂಟು ವರ್ಷ ನೋಡೂದನ್ನೇ ರೂಢಿ ಮಾಡ್ಕೊಂಡ ಮನಸ್ಸು ಹವ್ಯಾಸವನ್ನೂ ನೋಡೋ ವಸ್ತುನೇ ಮಾಡ್ಕೊಳ್ತದೆ. ಈಗಿನ ಕಾಲದಲ್ಲಿ ಇದು ತುಂಬಾ ನೋಡ್ತಿದ್ದೇನೆ, ಅಡುಗೆ ವಿಡಿಯೋ ನೋಡಿ ಅಡುಗೆ ಮಾಡದವರು, ಟ್ರೆಕ್ಕಿಂಗ್ ವಿಡಿಯೋ ನೋಡಿ ಮನೆ ಬಿಟ್ಟು ಏಳದವರು. ಅದ್ರಿಂದ ನಿಯಮ ಹಾಕಿದೆ, ಹತ್ತು ಗಿಡ ಕಟ್ಟೋವರೆಗೆ ಒಂದೂ ವಿಡಿಯೋ ಇಲ್ಲ, ಅನುಮಾನ ಬಂದ್ರೆ ಊರಲ್ಲಿ ಕಸಿ ಗೊತ್ತಿರೋ ಮನುಷ್ಯರ ಹತ್ರ ಹೋಗಿ ಕೇಳಿ.

ಅವರ ತಾಯಿ ಕೊಟ್ಟಿಗೆ ಹಿಂದೆ ಎಸೆದ ಗೊರಟು ತಡವಾಗಿ ಮೊಳಕೆ ಬಂದಿದ್ದು ಅದೃಷ್ಟ. ಭಾನುವಾರ ಊರಿಗೆ ಹೋಗಿ ಹತ್ತು ಕಟ್ಟಿದ್ರು. ಏಳು ಸತ್ತೋದ್ವು. ನಂಗೆ ಈ ಪ್ರಕರಣದಲ್ಲಿ ಮುಖ್ಯ ಅನ್ಸಿದ್ದು ಆ ದಿನ ಅವರು ಬಂದು ಹೇಳಿದ ರೀತಿ. ಮುಖ ಬಾಡಿತ್ತು, ಆದ್ರೆ ಮಾತು ನಿಲ್ಲಿಸೂಕೇ ಆಗ್ಲಿಲ್ಲ, ಪಟ್ಟಿ ಸಡಿಲ ಕಟ್ಟಿದ್ದೆ ಮೇಡಂ ಮಳೆ ನೀರು ಒಳಗೆ ಹೋಗಿ ಕೊಳೀತು, ಎರಡಕ್ಕೆ ಕಡ್ಡಿನೇ ದಪ್ಪ ಆಗಿತ್ತು ಸಸಿ ತೆಳು, ಇನ್ಮೇಲೆ ಮೇಲಿಂದ ಪ್ಲಾಸ್ಟಿಕ್ ಟೊಪ್ಪಿ ಹಾಕ್ಬೇಕು, ಕಡ್ಡಿಯ ಎಲೆ ವಾರ ಮೊದಲೇ ಕತ್ತರಿಸಿ ಇಡ್ಬೇಕಂತೆ. ನಾನು ಕೇಳ್ದೆ, ನವೆಂಬರ್ 19 ಸೋತಾಗಲೂ ಹೀಗೇ ಮಾತಾಡಿದ್ರಾ? ಸ್ವಲ್ಪ ಹೊತ್ತು ಸುಮ್ನಿದ್ದು, "ಅಲ್ಲಿ 240 ಹೊಡೆದಿದ್ದು ಕಮ್ಮಿ ಆಯ್ತು ಅಂತ ಗೊತ್ತಿದ್ರೂ ನಾನು ಎಂತ ಮಾಡೂಕೆ ಬರ್ತದೆ? ಇದು ಹಾಗಲ್ಲ, ಮುಂದಿನ ಭಾನುವಾರ ಸರಿ ಮಾಡ್ಬಹುದು" ಅಂದ್ರು. ಎರಡು ಸೋಲಿನ ನಡುವಿನ ವ್ಯತ್ಯಾಸ ನಾನು ವಿವರಿಸೋ ಅಗತ್ಯನೇ ಬರ್ಲಿಲ್ಲ.

ಖಿನ್ನತೆ ಕಡೆ ಜಾರ್ತಿರೋರಿಗೆ ಮನಸ್ಸು ಸರಿ ಆದ ಮೇಲೆ ಕೆಲಸ ಮಾಡಿ ಅನ್ನೋ ಬದ್ಲು, ಮೊದಲು ಕೆಲಸ ಶುರು ಮಾಡಿಸಿ ಅನ್ನೋ ದಾರಿ 1970ರ ದಶಕದಲ್ಲಿ ಲೆವಿನ್‌ಸನ್ ಅನ್ನೋ ಮನಃಶಾಸ್ತ್ರಜ್ಞರು ಕೊಟ್ಟಿದ್ದು, ನಾನು ನಂಬಿರೋದು ಅದನ್ನೇ. ಮೂಡ್ ಬರ್ಲಿ ಅಂತ ಕಾದ್ರೆ ಕಸಿ ಕಟ್ಟೋ ಹಂಗಾಮು ಮುಗೀತದೆ.

ಇನ್ನು ಮ್ಯಾಚಿನ ವಿಷಯ. ಬಿಡಿಸ್ಲಿಲ್ಲ, ಇಯರ್‌ಫೋನ್ ಬಿಡಿಸಿದೆ. ಚಿಕ್ಕವರಿದ್ದಾಗ ಊರ ಅಂಗಡಿ ಟಿವಿ ಮುಂದೆ ಇಪ್ಪತ್ತು ಜನ ಕೂತು ನೋಡ್ತಿದ್ರಂತೆ, ಆಗ ಸೋತ್ರೂ ಅರ್ಧ ಗಂಟೆ ಜಗಳ ಆಡಿ ನಕ್ಕು ಮನೆಗೆ ಹೋಗ್ತಿದ್ರು. ಆಟ ನೋಡೋದ್ರಲ್ಲಿ ಮನಸ್ಸಿಗೆ ಒಳ್ಳೇದು ಮಾಡೋದು ದೊಡ್ಡ ಪಾಲು ಈ ಜೊತೆಗಾರಿಕೆನೇ, ಅದನ್ನ ತೆಗೆದು ಕತ್ತಲೆ ಕೋಣೇಲಿ ಸ್ಕೋರು ಮಾತ್ರ ಇಟ್ಕೊಂಡ್ರೆ ಉಳಿಯೋದು ಟೆನ್ಶನ್. ಯಾವ ಮ್ಯಾಚ್ ಆದ್ರೂ ಇನ್ನೊಬ್ರ ಜೊತೆ, ಟಿವೀಲಿ, ಮುಗಿದ ಮೇಲೆ ಹೈಲೈಟ್ಸ್ ಇಲ್ಲ, ಮಧ್ಯರಾತ್ರಿಯ ಫುಟ್ಬಾಲ್ ಬಂದ್. ಮೊದಲು ಒಪ್ಲಿಲ್ಲ, ಫುಟ್ಬಾಲ್ ವಾರಕ್ಕೊಂದು ಅಂತ ಚೌಕಾಶಿ ಆಯ್ತು. ನವೆಂಬರ್ 2ಕ್ಕೆ ನಮ್ಮ ಹೆಣ್ಮಕ್ಕಳು ನವಿ ಮುಂಬೈಲಿ ದಕ್ಷಿಣ ಆಫ್ರಿಕಾ ಮೇಲೆ 52 ರನ್ನಿಂದ ಗೆದ್ದು ವರ್ಲ್ಡ್ ಕಪ್ ತಗೊಂಡ್ರಲ್ಲ, ಅದನ್ನ ಮಗಳ ಜೊತೆ ಕೂತು ನೋಡಿದ್ರು, ದೀಪ್ತಿ ಶರ್ಮಾ ಐದನೇ ವಿಕೆಟ್ ತೆಗೆದಾಗ ಇಬ್ರೂ ಕುಣಿದ್ರಂತೆ. ಮರುದಿನ ಖಾಲಿ ಅನ್ಸಿತ್ತಾ ಅಂತ ಕೇಳಿದ್ರೆ, ಸ್ವಲ್ಪ ಅನ್ಸ್ತು, ಆದ್ರೆ ಗಿಡಕ್ಕೆ ನೀರು ಹಾಕೂದಿತ್ತು ಅಂದ್ರು.

ಎಲ್ಲ ಸರಿ ಹೋಗಿದೆ ಅಂತಲ್ಲ. ಈಗ ಭಾನುವಾರ ಪೂರ್ತಿ ಊರಲ್ಲೇ ಇರ್ತಾರೆ ಅಂತ ಹೆಂಡ್ತಿಗೆ ಬೇಜಾರಿದೆ, ಅದು ನ್ಯಾಯವಾದ ಬೇಜಾರು, ಅದಕ್ಕೆ ಇಬ್ರನ್ನೂ ಕೂರಿಸಿ ಮಾತಾಡಿಸ್ತಿದ್ದೇನೆ. ಐಪಿಎಲ್ ಶುರು ಆಗೋಕೆ ಮೊದ್ಲೇ ಒಪ್ಪಂದ ಬರೆದಿದ್ದೇವೆ, ಯಾವ ಮ್ಯಾಚ್, ಯಾರ ಮನೇಲಿ, ಎಷ್ಟು ಗಂಟೆಗೆ ಮಲಗೂದು ಎಲ್ಲ. ಎರಡು ವಾರ ನಿದ್ದೆ ಕೆಟ್ರೆ, ಇಲ್ಲಾ ಗಿಡದ ಕಡೆಗೂ ಮ್ಯಾಚಿನ ಕಡೆಗೂ ಎರಡರ ಕಡೆಗೂ ಮನಸ್ಸು ಹೋಗ್ದೇ ಇದ್ರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೇ ಫೋನ್ ಮಾಡ್ಬೇಕು, ಆಗ ಮನೋವೈದ್ಯರ ಹತ್ರ ಕಳಿಸ್ತೇನೆ ಅಂತ ಹೇಳಿದ್ದೇನೆ. ರಾತ್ರಿ ಹೊತ್ತು ನಾನು ಸಿಗದಿದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹೆಂಡ್ತಿ ಫೋನಲ್ಲೂ ಸೇವ್ ಮಾಡಿಸಿದೆ, ಅದು ದಿನದ 24 ಗಂಟೆ ಇರ್ತದೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡು ಕೊಡೋದೇನಿಲ್ಲ.