ಬೋಸ್ನಿಯಾಕ್ಕೆ ಮೂವರು ಅಧ್ಯಕ್ಷರಂತೆ. ಅವರಲ್ಲಿ ಬೋಸ್ನಿಯಾಕರ (ಅಂದರೆ ಅಲ್ಲಿನ ಮುಸ್ಲಿಂ ಸಮುದಾಯದ) ಕುರ್ಚಿಗೆ ನಿಂತ ಹಾರಿಸ್ ಸಿಲಾಯ್ಜಿಚ್ ಅಷ್ಟು ದೊಡ್ಡದಾಗಿ ಗೆದ್ದು ನಾಲ್ಕೇ ವರ್ಷಕ್ಕೆ ಸೋತಿದ್ದು ಯಾಕೆ? ಬೋಸ್ನಿಯಾಕ್ ಆಗಿದ್ದರೆ ಯಾರು ಬೇಕಾದರೂ ಅದಕ್ಕೆ ನಿಲ್ಲಬಹುದಾ?

ನೀವು ಕೇಳಿರುವುದು ಮೂರು ವಿಷಯ. ಮೂವರು ಅಧ್ಯಕ್ಷರ ಏರ್ಪಾಡು ಹೇಗೆ ನಡೆಯುತ್ತದೆ, 2006ರಲ್ಲಿ ಶೇ 62ರಷ್ಟು ಮತ ಪಡೆದ ಸಿಲಾಯ್ಜಿಚ್ 2010ರಲ್ಲಿ ಮೂರನೇ ಸ್ಥಾನಕ್ಕೆ ಇಳಿದಿದ್ದು ಯಾಕೆ, ಬೋಸ್ನಿಯಾಕ್ ಆಗಿದ್ದರೆ ಯಾರು ಬೇಕಾದರೂ ಆ ಕುರ್ಚಿಗೆ ನಿಲ್ಲಬಹುದಾ. ಬಾಲ್ಕನ್ ರಾಜಕೀಯ ಓದುವುದು ನನ್ನ ಹಳೇ ಚಟ. ಉತ್ತರ ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಸೋಲಿನ ಬಗ್ಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂವಿಧಾನ ಬದಲಾಯಿಸುತ್ತೇನೆ ಎಂದು ಅವರು ಮತ ಕೇಳಿದರು. ಆದರೆ ಕೇಳಿದ್ದು ಆ ಸಂವಿಧಾನವೇ ಮಾಡಿಟ್ಟ ಕುರ್ಚಿಗೆ. ಆ ಕುರ್ಚಿಯಲ್ಲಿ ಕೂತವರು ಬೇರೆಯವರ ಕೆಲಸ ತಡೆಯಬಹುದು, ಹೊಸದನ್ನು ಮಾಡುವುದು ಬಹಳ ಕಷ್ಟ.

ಯುಗೊಸ್ಲಾವಿಯಾ ಒಡೆದಾಗ ಬೋಸ್ನಿಯಾಕ್, ಸೆರ್ಬ್, ಕ್ರೋಯೇಟ್ ಸಮುದಾಯಗಳ ನಡುವೆ 1992ರಿಂದ 1995ರವರೆಗೆ ನಡೆದ ಯುದ್ಧದಲ್ಲಿ ಬೋಸ್ನಿಯಾದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಅಮೆರಿಕದ ಓಹಾಯೊ ರಾಜ್ಯದ ಡೇಟನ್‌ನಲ್ಲಿರುವ ವಾಯುನೆಲೆಯಲ್ಲಿ 1995ರ ನವೆಂಬರ್‌ನಲ್ಲಿ ಆದ ಒಪ್ಪಂದ ಅದನ್ನು ನಿಲ್ಲಿಸಿತು. ಆ ಒಪ್ಪಂದದ ನಾಲ್ಕನೇ ಅನುಬಂಧವೇ ಇವತ್ತಿಗೂ ದೇಶದ ಸಂವಿಧಾನ. ದೇಶದೊಳಗೆ ಎರಡು ಭಾಗ ಮಾಡಿದರು. ಬೋಸ್ನಿಯಾಕರು ಮತ್ತು ಕ್ರೋಯೇಟರು ಹೆಚ್ಚಿರುವ ಫೆಡರೇಷನ್‌ಗೆ ಶೇ 51 ನೆಲ. ಸೆರ್ಬರು ಹೆಚ್ಚಿರುವ ರಿಪಬ್ಲಿಕಾ ಸರ್ಪ್‌ಸ್ಕಾಗೆ ಶೇ 49. ಮೇಲೆ ಮೂವರ ಅಧ್ಯಕ್ಷ ಮಂಡಳಿ. ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೋಯೇಟ್, ಒಬ್ಬ ಸೆರ್ಬ್. ಎಂಟು ತಿಂಗಳಿಗೊಮ್ಮೆ ಸರದಿಯ ಮೇಲೆ ಒಬ್ಬರು ಮಂಡಳಿಯ ಮುಖ್ಯಸ್ಥರಾಗುತ್ತಾರೆ. ವಿದೇಶಾಂಗ ವ್ಯವಹಾರ, ಸೇನೆ, ಪ್ರಧಾನಿ ಹೆಸರು ಸೂಚಿಸುವುದು ಇವೆಲ್ಲ ಈ ಮೂವರ ಕೆಲಸ.

ತೀರ್ಮಾನ ಮೂವರೂ ಒಪ್ಪಿ ಆಗಬೇಕು. ಆಗಲಿಲ್ಲವೆಂದರೆ ಇಬ್ಬರು ಸೇರಿಯೂ ಮಾಡಬಹುದು, ಆದರೆ ಅದಕ್ಕೊಂದು ಕೊಕ್ಕೆ ಇದೆ. ಒಪ್ಪದ ಮೂರನೆಯವರು ಮೂರು ದಿನದೊಳಗೆ 'ಇದು ನನ್ನ ಭಾಗದ ಹಿತಕ್ಕೆ ಮಾರಕ' ಎಂದು ಘೋಷಿಸಬಹುದು. ಸೆರ್ಬ್ ಸದಸ್ಯ ಹಾಗೆಂದರೆ ವಿಷಯ ಸರ್ಪ್‌ಸ್ಕಾದ ಶಾಸನಸಭೆಗೆ ಹೋಗುತ್ತದೆ. ಅಲ್ಲಿ ಹತ್ತು ದಿನದೊಳಗೆ ಮೂರನೇ ಎರಡರಷ್ಟು ಜನ ಹೌದೆಂದರೆ ತೀರ್ಮಾನ ರದ್ದು. ಬೋಸ್ನಿಯಾಕ್, ಕ್ರೋಯೇಟ್ ಸದಸ್ಯರಿಗೂ ಫೆಡರೇಷನ್ ಮೇಲ್ಮನೆಯ ತಮ್ಮ ಪ್ರತಿನಿಧಿಗಳ ಮೂಲಕ ಇದೇ ದಾರಿ ಉಂಟು. ಭಾಗ ಆಗದ ಜಮೀನಿನ ಪತ್ರಕ್ಕೆ ಮೂವರು ಅಣ್ಣತಮ್ಮಂದಿರ ಸಹಿಯೂ ಬೇಕಲ್ವಾ, ಹೆಚ್ಚುಕಮ್ಮಿ ಹಾಗೆ.

ಇನ್ನು ಮನುಷ್ಯ. ಸಿಲಾಯ್ಜಿಚ್ ಹುಟ್ಟಿದ್ದು 1945ರಲ್ಲಿ. ಲಿಬಿಯಾದ ಬೆಂಗಾಜಿಯಲ್ಲಿ ಅರಬ್ಬಿ ಮತ್ತು ಇಸ್ಲಾಂ ಅಧ್ಯಯನ ಮಾಡಿದರು. ಕೊಸೊವೊದ ಪ್ರಿಷ್ಟಿನಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಪಡೆದರು. ವಿಷಯ, ಅಮೆರಿಕ ಮತ್ತು ಅಲ್ಬೇನಿಯಾದ ಸಂಬಂಧ. ಯುಗೊಸ್ಲಾವಿಯಾ ಒಡೆಯುವ ಹೊತ್ತಿಗೆ ಬೋಸ್ನಿಯಾದ ಯುದ್ಧಕಾಲದ ನಾಯಕ ಆಲಿಯಾ ಇಜೆತ್‌ಬೇಗೊವಿಚ್ ಕಟ್ಟಿದ ಬೋಸ್ನಿಯಾಕರ ಪಕ್ಷ ಎಸ್‌ಡಿಎಯಲ್ಲಿದ್ದರು. ಹಾಗೆ ವಿದೇಶಾಂಗ ಸಚಿವರಾದರು. ಯುದ್ಧ ಶುರುವಾದ ಮೇಲೆ ಜಗತ್ತಿಗೆ ಬೋಸ್ನಿಯಾದ ಮುಖ ಅಂದರೆ ಇವರೇ. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದರು, ಸಿಟ್ಟು ಮುಚ್ಚಿಡುತ್ತಿರಲಿಲ್ಲ. 1991ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆ ಇಡೀ ಯುಗೊಸ್ಲಾವಿಯಾಕ್ಕೆ ಶಸ್ತ್ರಾಸ್ತ್ರ ಮಾರಬಾರದೆಂದು ನಿಷೇಧ ಹಾಕಿತ್ತು. ಸೆರ್ಬರ ಕಡೆ ಹಳೇ ಸೈನ್ಯದ ಮದ್ದುಗುಂಡು ಬೇಕಾದಷ್ಟಿತ್ತು, ಬೋಸ್ನಿಯಾ ಸರ್ಕಾರದ ಕೈ ಮಾತ್ರ ಕಟ್ಟಿಹೋಯಿತು. ನಿಷೇಧ ತೆಗೆಯಿರಿ ಎಂದು ಸಿಲಾಯ್ಜಿಚ್ ದೇಶದಿಂದ ದೇಶಕ್ಕೆ ಅಲೆದರು. (ಅಲ್ಲಿಗೆ ಹೋದ ವಿಶ್ವಸಂಸ್ಥೆಯ ಶಾಂತಿಪಡೆಯ ಮೊದಲ ದಂಡನಾಯಕ ನಮ್ಮ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಅದು ಬೇರೆಯೇ ಕಥೆ.)

1993ರ ಅಕ್ಟೋಬರ್‌ನಲ್ಲಿ ಪ್ರಧಾನಿಯಾದರು. ನನ್ನ ಲೆಕ್ಕದಲ್ಲಿ ಅವರ ಅತಿ ಒಳ್ಳೆಯ ಕಾಲ ಇದೇ. ಸೆರ್ಬ್ ಪಡೆಗಳ ಮುತ್ತಿಗೆಯಲ್ಲಿದ್ದ ರಾಜಧಾನಿ ಸರಾಯೆವೊದಲ್ಲಿ ಊರನ್ನು ಕಾಯುತ್ತೇವೆಂದು ಬಂದೂಕು ಹಿಡಿದ ಕೆಲವು ಪುಂಡರೇ ಸೇನಾ ತುಕಡಿಗಳ ನಾಯಕರಾಗಿದ್ದರು. ಜನರನ್ನು ಬೀದಿಯಿಂದ ಎಳೆದೊಯ್ದು ಕಂದಕ ತೋಡಿಸುತ್ತಿದ್ದರು, ಸೆರ್ಬ್ ನಿವಾಸಿಗಳನ್ನು ಕೊಲ್ಲುತ್ತಿದ್ದರು. ಅದೇ ಅಕ್ಟೋಬರ್‌ನಲ್ಲಿ ಸರ್ಕಾರ ತನ್ನದೇ ತುಕಡಿಗಳ ಮೇಲೆ ಕಾರ್ಯಾಚರಣೆ ಮಾಡಿ ಅವರನ್ನು ಮುರಿಯಿತು. ಎದುರಿಗೆ ಶತ್ರು ಇರುವಾಗ ಸ್ವಂತ ಕಡೆಯವರ ಮೇಲೆ ಕೈ ಮಾಡಲು ಧೈರ್ಯ ಬೇಕು. ಮರುವರ್ಷ ಮಾರ್ಚ್‌ನಲ್ಲಿ ವಾಷಿಂಗ್ಟನ್ ಒಪ್ಪಂದವಾಗಿ ಬೋಸ್ನಿಯಾಕ್–ಕ್ರೋಯೇಟ್ ಕದನ ನಿಂತಿತು, ಫೆಡರೇಷನ್ ಹುಟ್ಟಿತು. ಆ ಮಾತುಕತೆಯಲ್ಲೂ ಮುಂದಿದ್ದವರು ಇವರೇ.

ಡೇಟನ್‌ನಲ್ಲೂ ಇದ್ದರು. ಅಲ್ಲಿನ ಒಂದು ಪ್ರಸಂಗ ಇವರ ಸ್ವಭಾವ ತೋರಿಸುತ್ತದೆ. ನಕ್ಷೆಯ ಮುಂದೆ ಕೂತು ಒಂದೊಂದೇ ತುಂಡು ನೆಲ ಕೇಳುತ್ತಾ ಹೋದರು. ಫೆಡರೇಷನ್‌ಗೆ ಶೇ 51 ಎಂದು ಮೊದಲೇ ಮಾತಾಗಿತ್ತು. ಲೆಕ್ಕ ಹಾಕಿ ನೋಡಿದರೆ ಶೇ 55 ಆಗಿಬಿಟ್ಟಿತ್ತು! ಸೆರ್ಬರ ಪರ ಮಾತಾಡುತ್ತಿದ್ದ ಸೆರ್ಬಿಯಾ ಅಧ್ಯಕ್ಷ ಮಿಲೊಸೆವಿಚ್‌ಗೆ ಗೊತ್ತಾಗಿ ರಂಪವಾಯಿತು, ಹೆಚ್ಚಿನದನ್ನು ವಾಪಸ್ ಕೊಡಬೇಕಾಯಿತು.

ಯುದ್ಧ ಮುಗಿದ ಕೂಡಲೇ ಆಲಿಯಾ ಜೊತೆ ಮುರಿಯಿತು. ಎಸ್‌ಡಿಎ ಒಂದು ಸಮುದಾಯದ ಪಕ್ಷ, ನನಗೆ ಎಲ್ಲರ ಬೋಸ್ನಿಯಾ ಬೇಕು ಎಂಬುದು ಇವರ ಮಾತು. ಕೇಂದ್ರ ಸರ್ಕಾರವನ್ನು ಸಣ್ಣದು ಮಾಡುತ್ತಿದ್ದಾರೆ ಎಂಬ ಸಿಟ್ಟೂ ಇತ್ತು. 1996ರ ಜನವರಿಯಲ್ಲಿ ಪ್ರಧಾನಿ ಹುದ್ದೆ ಬಿಟ್ಟು 'ಬೋಸ್ನಿಯಾ ಮತ್ತು ಹೆರ್ಜೆಗೊವಿನಾಕ್ಕಾಗಿ ಪಕ್ಷ' ಕಟ್ಟಿದರು. ಆ ವರ್ಷ ಜೂನ್‌ನಲ್ಲಿ ಚಾಜಿನ್ ಊರಿನ ಪ್ರಚಾರ ಸಭೆಯಲ್ಲಿ ಹಳೇ ಪಕ್ಷದ ಬೆಂಬಲಿಗರು ಕಬ್ಬಿಣದ ಸರಳಿನಿಂದ ಇವರ ತಲೆಗೆ ಹೊಡೆದರು. ಚುನಾವಣೆಯಲ್ಲಿ ಆಲಿಯಾಗೆ ಶೇ 80, ಇವರಿಗೆ ಶೇ 14. ಆಮೇಲೆ ಅದೇ ಎಸ್‌ಡಿಎ ಜೊತೆ ಕೈಜೋಡಿಸಿ 1997ರಿಂದ 2000ದವರೆಗೆ ಸಚಿವ ಸಂಪುಟದ ಇಬ್ಬರು ಸಹ-ಮುಖ್ಯಸ್ಥರಲ್ಲಿ ಒಬ್ಬರಾಗಿದ್ದರು. ಹೌದು, ಆಗ ಅಲ್ಲಿ ಪ್ರಧಾನಿಗಳೂ ಇಬ್ಬರು. 2002ರಲ್ಲಿ ಅಧ್ಯಕ್ಷ ಮಂಡಳಿಗೆ ಮತ್ತೆ ನಿಂತು ಎಸ್‌ಡಿಎಯ ಸುಲೇಮಾನ್ ತಿಹಿಚ್ ಎದುರು ಕೂದಲೆಳೆಯಲ್ಲಿ ಸೋತರು, 37ಕ್ಕೆ 35.

ಅಲ್ಲಿಗೆ ಇವರ ಕಥೆ ಮುಗಿಯಿತು ಎಂದುಕೊಂಡವರು ಜಾಸ್ತಿ. ಮತ್ತೆ ಎತ್ತಿದ್ದು 2006ರ ಏಪ್ರಿಲ್. ಅಮೆರಿಕದವರು ಹಿಂದೆ ನಿಂತು ಸಂವಿಧಾನ ತಿದ್ದುಪಡಿಗಳ ಒಂದು ಕಟ್ಟು ತಯಾರಿಸಿದ್ದರು. ಮೂವರ ಬದಲು ಒಬ್ಬ ಅಧ್ಯಕ್ಷ, ಇಬ್ಬರು ಉಪಾಧ್ಯಕ್ಷರು, ಮೂವರನ್ನೂ ಸಂಸತ್ತೇ ಆರಿಸಬೇಕು, ಪ್ರಧಾನಿಗೆ ಹೆಚ್ಚು ಬಲ. ತಿಹಿಚ್ ಒಪ್ಪಿದ್ದರು, ಸೆರ್ಬ್ ಪಕ್ಷಗಳೂ ಒಪ್ಪಿದ್ದವು. ಸಿಲಾಯ್ಜಿಚ್ ಬೇಡ ಎಂದರು. ಕಾರಣ, ಸಂಸತ್ತಿನಲ್ಲಿ ಭಾಗವಾರು ಮತದ ನಿಯಮ ಹಾಗೇ ಉಳಿಯುತ್ತಿತ್ತು. ಕೆಳಮನೆಯಲ್ಲಿ ಒಟ್ಟು 42 ಸಂಸದರು, ಸರ್ಪ್‌ಸ್ಕಾದಿಂದ ಬರುವವರು 14. ಅವರಲ್ಲಿ 10 ಜನ ಬೇಡವೆಂದರೆ ಯಾವ ಮಸೂದೆಯೂ ಬೀಳುತ್ತದೆ. ಆ ಬೀಗ ತೆಗೆಯದೆ ಬಾಗಿಲಿಗೆ ಬಣ್ಣ ಬಳಿದರೆ ಏನು ಬಂತು ಅನ್ನುವುದು ಅವರ ವಾದ. ತಿದ್ದುಪಡಿಗೆ 28 ಮತ ಬೇಕಿತ್ತು, ಬಿದ್ದಿದ್ದು 26. ಒಂದು ಕ್ರೋಯೇಟ್ ಬಣವೂ ವಿರೋಧಿಸಿತ್ತು, ಆದರೆ ಹೆಸರು ಬಂದಿದ್ದು ಸಿಲಾಯ್ಜಿಚ್‌ಗೆ.

ಅವರ ವಾದ ತಪ್ಪಲ್ಲ. ಆದರೆ ಎರಡು ಮತದಲ್ಲಿ ಬಿದ್ದುಹೋದ ಆ ಕಟ್ಟಿನಷ್ಟು ಒಮ್ಮತ ಬೋಸ್ನಿಯಾದಲ್ಲಿ ಆಮೇಲೆ ಮತ್ತೆ ಬರಲಿಲ್ಲ. ಸಿಕ್ಕಷ್ಟು ತಗೊಂಡು ಮುಂದಿನದಕ್ಕೆ ಹೋರಾಡಬೇಕಿತ್ತು ಅನ್ನುವುದು ನನ್ನ ನಿಲುವು. ಒಪ್ಪದವರೂ ಇದ್ದಾರೆ.

ಆರು ತಿಂಗಳಿಗೆ ಚುನಾವಣೆ ಬಂತು. 'ನೂರಕ್ಕೆ ನೂರು ಬೋಸ್ನಿಯಾ' ಎಂದು ಪ್ರಚಾರ ಮಾಡಿದರು. ಭಾಗಗಳಿಲ್ಲದ ಒಂದೇ ದೇಶ ಎಂದು ಅರ್ಥ. ಆಚೆ ಸರ್ಪ್‌ಸ್ಕಾದಲ್ಲಿ ಹೊಸದಾಗಿ ಪ್ರಧಾನಿಯಾಗಿದ್ದ ಮಿಲೊರಾದ್ ದೊದಿಕ್ ಇದನ್ನೇ ಕಾಯುತ್ತಿದ್ದವರಂತೆ, ನಮ್ಮನ್ನು ಮುಗಿಸಲು ಬಂದರೆ ಜನಮತಗಣನೆ ಮಾಡಿ ಹೊರಗೆ ಹೋಗುತ್ತೇವೆ ಎಂದರು. ಆ ಮೇ ತಿಂಗಳಲ್ಲಷ್ಟೇ ಮಾಂಟೆನೆಗ್ರೊ ಜನಮತಗಣನೆ ಮಾಡಿ ಜೂನ್‌ನಲ್ಲಿ ಸೆರ್ಬಿಯಾದಿಂದ ಬೇರೆಯಾಗಿತ್ತು. ಇವರ ಮಾತು ಅವರಿಗೆ ಮತ ತಂದಿತು, ಅವರ ಮಾತು ಇವರಿಗೆ. ಇಬ್ಬರೂ ಗೆದ್ದರು. ತಿಹಿಚ್‌ಗೆ ಸಿಕ್ಕಿದ್ದು ಶೇ 28ರ ಆಸುಪಾಸು.

ಮಂಡಳಿಯಲ್ಲಿ ಜೊತೆಗೆ ಬಂದವರು ಸೆರ್ಬರ ನೆಬೊಯ್ಶಾ ರಾದ್ಮಾನೊವಿಚ್, ಕ್ರೋಯೇಟರ ಜೆಲ್ಕೊ ಕೊಮ್ಶಿಚ್. ರಾದ್ಮಾನೊವಿಚ್ ದೊದಿಕ್ ಪಕ್ಷದವರು. ಇನ್ನು ನಾಲ್ಕು ವರ್ಷ ಹೇಗೆ ಕಳೆದಿರಬಹುದೆಂದು ನೀವೇ ಊಹಿಸಿ. 2007ರ ಫೆಬ್ರವರಿಯಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 1995ರಲ್ಲಿ ಸ್ರೆಬ್ರೆನಿಚಾ ಊರಿನಲ್ಲಿ ಸೆರ್ಬ್ ಪಡೆಗಳು ಬೋಸ್ನಿಯಾಕರನ್ನು ಕೊಂದಿದ್ದು ಜನಾಂಗಹತ್ಯೆ, ಸೆರ್ಬಿಯಾ ಅದನ್ನು ತಡೆಯಲಿಲ್ಲ ಎಂದಿತು. ಜನಾಂಗಹತ್ಯೆಯಿಂದ ಹುಟ್ಟಿದ ಸರ್ಪ್‌ಸ್ಕಾ ಉಳಿಯಬಾರದು ಎಂದು ಸಿಲಾಯ್ಜಿಚ್ ಎಲ್ಲ ಕಡೆ ಹೇಳಿದರು. ಎಂಟು ಸಾವಿರಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಕೊಂದ ಊರಿನ ಬಗ್ಗೆ ಅಷ್ಟು ಖಾರವಾಗಿ ಮಾತಾಡಿದ್ದು ಅರ್ಥವಾಗುತ್ತದೆ. ಆದರೆ ಮಾತಿನಿಂದ ಸಂವಿಧಾನದ ಒಂದು ಅಕ್ಷರವೂ ಕದಲಲಿಲ್ಲ. 2008ರಲ್ಲಿ ಸರದಿ ಬಂದಾಗ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಭಾಷಣ ಮಾಡಿದರು. ಅದು ಅವರ ಸ್ವಂತ ಅಭಿಪ್ರಾಯ, ಮಂಡಳಿಯದ್ದಲ್ಲ ಎಂದು ಸೆರ್ಬ್ ಕಡೆಯವರು ತಕರಾರು ತೆಗೆದರು. ಸೆರ್ಬಿಯಾದಿಂದ ಕೊಸೊವೊ ಸ್ವತಂತ್ರವಾದಾಗ ಮಾನ್ಯತೆ ಕೊಡಲಾಗಲಿಲ್ಲ, ಸೆರ್ಬ್ ಸದಸ್ಯ ಒಪ್ಪುವ ಪ್ರಶ್ನೆಯೇ ಇರಲಿಲ್ಲ.

ಹಾಗಂತ ಸುಮ್ನೆ ಕೂತಿರಲಿಲ್ಲ. 2008ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ಜೊತೆ ಸಹಯೋಗದ ಒಪ್ಪಂದವಾಯಿತು. 2010–11ಕ್ಕೆ ಭದ್ರತಾ ಮಂಡಳಿಯಲ್ಲಿ ತಾತ್ಕಾಲಿಕ ಸ್ಥಾನ ಸಿಕ್ಕಿತು. 2010ರ ಏಪ್ರಿಲ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಟರ್ಕಿ, ಸೆರ್ಬಿಯಾ ಅಧ್ಯಕ್ಷರ ಜೊತೆ ಕೂತು ಘೋಷಣೆಗೆ ಸಹಿ ಹಾಕಿದರು. ಸೆರ್ಬಿಯಾ ಜೊತೆ ಮಾತು ಮುಂದುವರಿಯಿತು, ಮನೆಯೊಳಗೆ ಮಾತ್ರ ನಿಂತೇ ಹೋಗಿತ್ತು. 2008ರ ಕೊನೆಗೆ ತಿಹಿಚ್, ದೊದಿಕ್, ಕ್ರೋಯೇಟರ ಚೊವಿಚ್ ಮೂವರು ಪ್ರುದ್ ಎಂಬ ಹಳ್ಳಿಯಲ್ಲಿ ಸೇರಿ ಮಾತಾಡಿದಾಗ ಇವರು ಅದರಲ್ಲಿ ಇರಲಿಲ್ಲ. 2009ರ ಅಕ್ಟೋಬರ್‌ನಲ್ಲಿ ಅಮೆರಿಕ ಮತ್ತು ಯುರೋಪಿನವರು ಬುತ್ಮಿರ್ ಸೇನಾನೆಲೆಯಲ್ಲಿ ಎಲ್ಲರನ್ನೂ ಕೂರಿಸಿ ನೋಡಿದರು, ಅದೂ ಮುರಿದುಬಿತ್ತು.

2010ರಲ್ಲಿ ಎದುರಾಳಿಗಳು ಇಬ್ಬರು. ಆಲಿಯಾ ಮಗ ಬಕಿರ್ ಇಜೆತ್‌ಬೇಗೊವಿಚ್ ಮೆತ್ತಗೆ ಮಾತಾಡುತ್ತಾ, ಸೆರ್ಬರ ಜೊತೆ ಕೂತು ಬಗೆಹರಿಸೋಣ ಎಂದರು. ಇನ್ನೊಬ್ಬರು 'ದ್ನೆವ್ನಿ ಅವಾಜ್' ಪತ್ರಿಕೆ ಕಟ್ಟಿದ ಫಹ್ರುದಿನ್ ರಾದೊಂಚಿಚ್. 2006ರಲ್ಲಿ ಸಿಲಾಯ್ಜಿಚ್ ಪರ ಇದ್ದ ಆ ಪತ್ರಿಕೆ ಈಗ ಎದುರಾಗಿತ್ತು. ಬಕಿರ್‌ಗೆ ಶೇ 35, ರಾದೊಂಚಿಚ್‌ಗೆ 30, ಇವರಿಗೆ 25. ಮತದಾರರು ಸಿದ್ಧಾಂತ ಬದಲಾಯಿಸಿಕೊಂಡರು ಎಂದು ನನಗೆ ಅನ್ನಿಸುವುದಿಲ್ಲ. ನಾಲ್ಕು ವರ್ಷ ಜಗಳ ನೋಡಿದರು, ಭಾಗವಾರು ಮತ ಹಾಗೇ ಇತ್ತು, ಕೆಲಸವಿಲ್ಲದ ಹುಡುಗರು ಹಾಗೇ ಇದ್ದರು. 2012ರಲ್ಲಿ ಪಕ್ಷದ ನಾಯಕತ್ವವನ್ನೂ ಬಿಟ್ಟರು.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಬೋಸ್ನಿಯಾಕ್ ಆಗಿದ್ದರೆ ಸಾಲದು, ಫೆಡರೇಷನ್‌ನಲ್ಲಿ ವಾಸವೂ ಇರಬೇಕು. ಹಾಗೇ ಸೆರ್ಬ್ ಸದಸ್ಯ ಸರ್ಪ್‌ಸ್ಕಾದಿಂದಲೇ ಬರಬೇಕು. ಯೆಹೂದಿ, ರೋಮಾ ಜನರಿಗೆ ಎಲ್ಲಿಯೂ ಅವಕಾಶವಿಲ್ಲ. ರೋಮಾ ಸಮುದಾಯದ ದೆರ್ವೊ ಸೆಯ್ದಿಚ್ ಮತ್ತು ಯೆಹೂದಿಯಾದ ಯಾಕೊಬ್ ಫಿಂಚಿ ಇದನ್ನು ಪ್ರಶ್ನಿಸಿ 2009ರ ಡಿಸೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದರು. ಸಿಲಾಯ್ಜಿಚ್ ಪಕ್ಷದವರೇ ಆದ ಇಲಿಯಾಜ್ ಪಿಲಾವ್ ಎಂಬ ವೈದ್ಯರ ಪ್ರಕರಣವೂ ಉಂಟು. ಬೋಸ್ನಿಯಾಕ್, ಮನೆ ಸ್ರೆಬ್ರೆನಿಚಾದಲ್ಲಿ. ಆ ಊರು ಸರ್ಪ್‌ಸ್ಕಾದಲ್ಲಿದೆ. 2006ರಲ್ಲಿ, 2010ರಲ್ಲಿ ಎರಡು ಸಲವೂ ಚುನಾವಣಾ ಆಯೋಗ ಅವರ ಅರ್ಜಿ ತಿರಸ್ಕರಿಸಿತು. 2016ರ ಜೂನ್‌ನಲ್ಲಿ ಅದೇ ನ್ಯಾಯಾಲಯ ಪಿಲಾವ್ ಪರ ತೀರ್ಪು ಕೊಟ್ಟಿತು. ಆಮೇಲೆ 2018ರಲ್ಲಿ, 2022ರಲ್ಲಿ ಚುನಾವಣೆ ನಡೆದಿದ್ದು ಹಳೇ ನಿಯಮದಲ್ಲೇ.